ವಿಮಾನದಿಂದ ಬಿಟ್ಟ ಪೊಟ್ಟಣ ‘ಉತ್ಕ್ಷೇಪಕ’ವೇ? ಜೊತೆಗೆ ‘ಭರ’ದ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿ ಬಂದವರು ಜಾಸ್ತಿ. ಅವರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಲೆಕ್ಕದ ಹತ್ತಿರ ಸರಿಯಾದ ಪದ ಸಿಗದೆ ವಾರದಿಂದ ಅಲ್ಲೇ ನಿಂತಿದ್ದೇನೆ.

ಲೆಕ್ಕ ಹೀಗಿದೆ. ವಿಮಾನವೊಂದು 500 ಮೀಟರ್ ಎತ್ತರದಲ್ಲಿ, ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಸಮನಾಗಿ ಹಾರುತ್ತಿದೆ. ನೆರೆಗೆ ಸಿಕ್ಕ ಊರಿನವರಿಗಾಗಿ ಅದರಿಂದ ಊಟದ ಪೊಟ್ಟಣವನ್ನು ಡ್ರಾಪ್ ಮಾಡುತ್ತಾರೆ. ಪೊಟ್ಟಣ ಎಲ್ಲಿ ಬೀಳುತ್ತದೆ? ಈ ‘ಡ್ರಾಪ್’ಗೆ ಏನು ಬರೆಯಬೇಕು ಎನ್ನುವುದೇ ನನ್ನ ಮೊದಲ ಪ್ರಶ್ನೆ.

ಮೊದಲು ‘ಎಸೆದರು’ ಎಂದು ಬರೆದೆ. ಆಲೂರು ಕಡೆಯಿಂದ ಬರುವ ಒಬ್ಬ ಹುಡುಗಿ ತಕ್ಷಣ ಕೇಳಿದಳು: “ಎಷ್ಟು ಜೋರಾಗಿ ಎಸೆದ್ರು ಸಾರ್? ಅದು ಕೊಟ್ಟೇ ಇಲ್ವಲ್ಲ?” ಅವಳು ಕೇಳಿದ್ದು ಸರಿ. ಎಸೆಯುವುದು ಎಂದರೆ ಕೈಯ ಬಲ ಸೇರಿತು ಎಂದೇ ಅರ್ಥ. ಇಲ್ಲಿ ಯಾರೂ ಬಲ ಹಾಕಿಲ್ಲ. ‘ಬೀಳಿಸಿದರು’ ಎಂದರೆ ಕೈತಪ್ಪಿ ತಟ್ಟೆ ಬೀಳಿಸಿದ ಹಾಗೆ ಕೇಳುತ್ತದೆ. ‘ಉದುರಿಸಿದರು’ ಹೂವಿಗೆ, ಎಲೆಗೆ ಚೆನ್ನ, ಒಂದೇ ಪೊಟ್ಟಣಕ್ಕೆ ಹೊಂದುವುದಿಲ್ಲ. ‘ಹಾಕಿದರು’ ಎನ್ನಬಹುದು, ಬಾಂಬ್ ಹಾಕಿದರು ಅನ್ನುತ್ತೇವಲ್ಲ. ಆದರೆ ಹಾಕುವುದರಲ್ಲಿ ಎಸೆಯುವುದೂ ಸೇರಿಬಿಡಬಹುದು. ‘ಕೈಬಿಟ್ಟರು’ ಅಂತೂ ಆಗದು, ನೆರೆಯಲ್ಲಿ ಸಿಕ್ಕವರನ್ನೇ ಕೈಬಿಟ್ಟ ಹಾಗಾಗುತ್ತದೆ. ಕೊನೆಗೆ ಉಳಿದದ್ದು ಸುಮ್ನೆ ‘ಬಿಟ್ಟರು’. ನನಗೆ ಇದೇ ಸರಿ ಅನ್ನಿಸುತ್ತಿದೆ. ಹಿಡಿದಿದ್ದರು, ಬಿಟ್ಟರು, ಅಷ್ಟೇ.

ಇನ್ನು ಆ ವಸ್ತುವಿಗೆ ಹೆಸರು, ಇಂಗ್ಲಿಷಿನಲ್ಲಿ ‘ಪ್ರೊಜೆಕ್ಟೈಲ್’ ಅನ್ನುತ್ತಾರಲ್ಲ, ಅದಕ್ಕೆ ಕನ್ನಡ ಪದ. ‘ಉತ್ಕ್ಷೇಪಕ’ ಎಂದು ಓದಿದ್ದೇನೆ, ‘ಪ್ರಕ್ಷೇಪಕ’ ಎಂದೂ ಓದಿದ್ದೇನೆ. ‘ಉತ್’ ಎಂದರೆ ಮೇಲಕ್ಕೆ. ಕೆಳಗೆ ಬೀಳುತ್ತಿರುವ ಪೊಟ್ಟಣವನ್ನು ‘ಮೇಲಕ್ಕೆ ಎಸೆದದ್ದು’ ಎಂದು ಕರೆದರೆ ಮಕ್ಕಳು ಗೊಂದಲಕ್ಕೆ ಬೀಳುವುದಿಲ್ಲವೇ? ಪ್ರಕ್ಷೇಪಕ ಎಂದರೆ ಗೋಡೆಯ ಮೇಲೆ ಚಿತ್ರ ಬಿಡುವ ಪ್ರೊಜೆಕ್ಟರ್ ನೆನಪಾಗುತ್ತದೆ. ಹಳೆಯ ಕಾವ್ಯ ಓದುವವರಿಗೆ ‘ಪ್ರಕ್ಷಿಪ್ತ’ ಎಂದರೆ ಯಾರೋ ಆಮೇಲೆ ಸೇರಿಸಿದ ಪದ್ಯ. ಹಳಗನ್ನಡದಲ್ಲಿ ಬಾಣ ಬಿಡುವುದಕ್ಕೆ ‘ಎಸು’ ಇತ್ತು, ‘ಎಚ್ಚನು’ ಎಂದರೆ ಬಾಣ ಹೊಡೆದನು. ಮಲೆನಾಡಿನ ಕಡೆ ಕೋವಿಯ ಹೊಡೆತಕ್ಕೆ ‘ಈಡು’ ಎನ್ನುತ್ತಾರೆ. ದೇವಸ್ಥಾನದ ಮುಂದೆ ಒಡೆಯುವ ಈಡುಗಾಯಿ ಎಲ್ಲರಿಗೂ ಗೊತ್ತು. ಎಷ್ಟು ಚೆಂದದ ಪದಗಳು! ಆದರೆ ಎಲ್ಲದರಲ್ಲೂ ಹೊಡೆಯುವವನ ಬಲ ಇದ್ದೇ ಇದೆ.

ಈ ಲೆಕ್ಕದ ಜೀವ ಇರುವುದೇ ಅಲ್ಲಿ. ಯಾರೂ ಮುಂದಕ್ಕೆ ತಳ್ಳದಿದ್ದರೂ ಪೊಟ್ಟಣ ಮುಂದಕ್ಕೆ ಹೋಗುತ್ತದೆ. ಬಿಡುವ ಮೊದಲೇ ಅದು ವಿಮಾನದ ಜೊತೆ ಸೆಕೆಂಡಿಗೆ 50 ಮೀಟರ್ ಓಡುತ್ತಿತ್ತು. ಬಿಟ್ಟ ಮೇಲೂ ಆ ಓಟ ಹೋಗುವುದಿಲ್ಲ. ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದಿದ್ದರೆ ನೆಲ ಮುಟ್ಟಲು ಸುಮಾರು 10 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು 500 ಮೀಟರ್‌ನಷ್ಟು ಮುಂದೆ ಹೋಗಿರುತ್ತದೆ, ವಿಮಾನ ಅದರ ನೆತ್ತಿಯ ಮೇಲೇ ಇರುತ್ತದೆ. ವಿಮಾನದಲ್ಲಿ ಕೂತವರಿಗೆ ಅದು ನೆಟ್ಟಗೆ ಕೆಳಗಿಳಿದ ಹಾಗೆ ಕಾಣುತ್ತದೆ. ಹೊಲದಲ್ಲಿ ನಿಂತು ನೋಡುವವರಿಗೆ ಬಾಗಿದ ಹಾದಿ. ಈ ಹಾದಿ ಪರವಲಯ (ಪ್ಯಾರಾಬೊಲಾ) ಎಂದು ಗೆಲಿಲಿಯೊ ತೋರಿಸಿದ್ದು 1638ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ, ವಿಮಾನ ಬರುವುದಕ್ಕೆ ಎಷ್ಟೋ ಮೊದಲು. ‘ಪರವಲಯ’ ಮಕ್ಕಳಿಗೆ ಗಣಿತದಲ್ಲೇ ಸಿಕ್ಕಿರುತ್ತದೆ, ಅದರ ಬಗ್ಗೆ ನನಗೆ ತಕರಾರಿಲ್ಲ.

ಬಿಟ್ಟ ಮೇಲೂ ಉಳಿಯುವ ಆ ಓಟಕ್ಕೆ ಏನನ್ನಬೇಕು? ‘ಜಡತ್ವ’ (ಇನರ್ಷಿಯಾ) ಎಂದು ಬರೆದರೆ ಸೋಮಾರಿತನದ ಹಾಗೆ, ನಿಂತಲ್ಲೇ ನಿಲ್ಲುವ ಹಾಗೆ ಕೇಳುತ್ತದೆ. ಆಗ ನೆನಪಾದದ್ದು ನಾನು ಚಿಕ್ಕವನಿದ್ದಾಗ ಊರಿಗೆ ಪೇಪರ್ ತರುತ್ತಿದ್ದ ಬೆಳಗಿನ ಬಸ್ಸು. ನಮ್ಮೂರ ಅಂಗಡಿ ಮುಂದೆ ಅದು ನಿಲ್ಲುತ್ತಿರಲಿಲ್ಲ, ನಿಧಾನ ಆಗುತ್ತಿತ್ತು. ಕ್ಲೀನರ್ ಬಾಗಿಲಲ್ಲಿ ನಿಂತು, ಬಂಡಲ್ಲಿನ ಸೆಣಬಿನ ದಾರವನ್ನು ಎರಡು ಬೆರಳಲ್ಲಿ ಹಿಡಿದಿರುತ್ತಿದ್ದ. ಅಂಗಡಿ ಬರುವ ಮೊದಲೇ, ಹುಣಸೆ ಮರದ ಹತ್ತಿರ, ಬೆರಳು ಸಡಿಲಿಸುತ್ತಿದ್ದ. ಬಂಡಲ್ ಮುಂದಕ್ಕೆ ಹೋಗಿ ಬಿದ್ದು, ಧೂಳೆಬ್ಬಿಸಿಕೊಂಡು ಉರುಳಿ ಅಂಗಡಿ ಕಟ್ಟೆಗೆ ಬಂದು ನಿಲ್ಲುತ್ತಿತ್ತು. ಯಾಕಣ್ಣ ಅಲ್ಲೇ ಬಿಡ್ತೀಯ ಎಂದು ಒಂದು ದಿನ ಕೇಳಿದ್ದಕ್ಕೆ, “ಇಲ್ಲಿ ಬಿಟ್ರೆ ಬಸ್ಸಿನ ಭರಕ್ಕೆ ಚರಂಡಿಗೆ ಹೋಗುತ್ತೆ ಕಣೋ” ಅಂದಿದ್ದ. ಮೊನ್ನೆ ಲೆಕ್ಕ ಹಾಕಿ ನೋಡಿದೆ. ಗಂಟೆಗೆ 20 ಕಿಲೋಮೀಟರ್ ವೇಗ, ಒಂದು ಮೀಟರ್ ಎತ್ತರ ಎಂದು ಹಿಡಿದರೆ ಬಂಡಲ್ ಎರಡೂವರೆ ಮೀಟರ್ ಮುಂದೆ ನೆಲ ಮುಟ್ಟುತ್ತದೆ, ಆಮೇಲೆ ಉರುಳುವುದು ಬೇರೆ.

ಬಸ್ಸಿನ ಭರಕ್ಕೆ. ಓಡಿ ಬಂದ ಭರಕ್ಕೆ. ದಿನಾ ಆಡುವ ಮಾತು ಇದು, ಬೇಕಾದ ಅರ್ಥವೂ ಇದರಲ್ಲೇ ಇದೆ ಅಲ್ವಾ? ವೇಗ ಎಷ್ಟು ಎನ್ನುವುದಕ್ಕಿಂತ, ಆ ವೇಗ ಎಲ್ಲಿಂದ ಬಂತು ಎನ್ನುವುದನ್ನು ಅದು ಹೇಳುತ್ತದೆ. ವಿಮಾನದ ಭರ ಪೊಟ್ಟಣಕ್ಕೂ ಇತ್ತು ಎಂದು ಹೇಳಿದಾಗ ಕ್ಲಾಸಿನಲ್ಲಿ ಯಾರೂ ಅರ್ಥ ಕೇಳಲಿಲ್ಲ.

ಆದರೆ ಒಂದು ಭಯ ಇದೆ. ಅವಸರದಲ್ಲಿ ಓದುವವರು ‘ಭರ’ವನ್ನು ‘ಭಾರ’ ಎಂದು ಓದಿಬಿಡುತ್ತಾರೆ. ಇಬ್ಬರು ಹಾಗೇ ಓದಿದರು. ಭಾರವಾದದ್ದು ಬೇಗ ಬೀಳುತ್ತದೆ ಎನ್ನುವ ತಪ್ಪು ನಂಬಿಕೆ ಮಕ್ಕಳಲ್ಲಿ ಮೊದಲೇ ಇರುತ್ತದೆ. ಇದು ಅದಕ್ಕೆ ಇನ್ನಷ್ಟು ಒತ್ತು ಕೊಟ್ಟರೆ ಕಷ್ಟ.

ಆದ್ದರಿಂದ ಬಲ್ಲವರನ್ನು ಕೇಳುತ್ತಿದ್ದೇನೆ. ‘ಭರ’ವನ್ನು ಪಾಠದ ಪದವಾಗಿ ಯಾರಾದರೂ ಬಳಸಿದ್ದೀರಾ? ನಿಮ್ಮ ಕಡೆ ಇದೇ ಅರ್ಥಕ್ಕೆ ಬೇರೆ ಮಾತಿದೆಯೇ? ‘ರಭಸ’ ಎಂದರೆ ನನಗೆ ಗಾಳಿಯ, ಹೊಳೆಯ ಜೋರು ಕಣ್ಣಮುಂದೆ ಬರುತ್ತದೆ, ನಿಮಗೂ ಹಾಗೆಯೇ? ಎಸೆದದ್ದಕ್ಕೂ ಬಿಟ್ಟದ್ದಕ್ಕೂ ಎರಡಕ್ಕೂ ಸಲ್ಲುವ ಒಂದು ಹೆಸರು ಸಿಗದಿದ್ದರೆ, ಟಿಪ್ಪಣಿಯಲ್ಲಿ ‘ಬಿಟ್ಟ ವಸ್ತು’ ಎಂದೇ ಬರೆಯುತ್ತೇನೆ. ಅದರಲ್ಲಿ ತಪ್ಪು ಕಂಡರೆ ದಯವಿಟ್ಟು ಹೇಳಿ. ಮುಂದಿನ ಸೋಮವಾರ ಆ ಪಾಠ ಮತ್ತೆ ತೆಗೆದುಕೊಳ್ಳುತ್ತಿದ್ದೇನೆ.