ಪದಚರ್ಚೆ: ‘ಅನೀಲಿಂಗ್’ ಎಂಬುದಕ್ಕೆ ‘ತಾಪಾನುಶೀತನ’ ಹೊಂದುತ್ತದೆಯೇ?

ಮಾನ್ಯರೇ,

ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಲೋಹಗಳ ಉಷ್ಣೋಪಚಾರವನ್ನು ಕುರಿತು ಕನ್ನಡದಲ್ಲಿ ಪಾಠವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ‘ಅನೀಲಿಂಗ್’, ಅಂದರೆ ವಸ್ತುವನ್ನು ಕಾಯಿಸಿ ಅದರ ಒಳಗಿನ ರಚನೆಯನ್ನು ಸರಿಪಡಿಸುವುದು, ಎಂಬ ಪದಕ್ಕೆ ಏನು ಬರೆಯಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಹಿಂದಿಯ ತಾಂತ್ರಿಕ ಬರವಣಿಗೆಯಲ್ಲಿರುವ ‘ತಾಪಾನುಶೀತನ’ ಅಥವಾ ‘ಅನೀಲನ’ವನ್ನು ಹಾಗೆಯೇ ತರಬಹುದೆಂದು ಕೆಲವರು ಹೇಳುತ್ತಾರೆ, ‘ಮೆದುಗೊಳಿಸುವಿಕೆ’, ‘ಹದಗೊಳಿಸುವಿಕೆ’ ಎಂಬ ಸಲಹೆಗಳೂ ಇವೆ. ಈ ನಾಲ್ಕರಲ್ಲಿ ಯಾವುದೂ ವಸ್ತುವಿನ ಒಳಗೆ ನಡೆಯುವ ಕ್ರಿಯೆಯನ್ನು ಸರಿಯಾಗಿ ಹೇಳುವುದಿಲ್ಲವೆಂದು ನನಗೆ ತೋರುತ್ತದೆ. ಕಾರಣಗಳನ್ನು ವಿವರವಾಗಿ ಮುಂದಿಡುತ್ತೇನೆ. ಪದಗಳ ಬಲ್ಲವರೂ ಲೋಹದ ಕೆಲಸ ಬಲ್ಲವರೂ ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ಮೊದಲು ತಾಮ್ರದ ತಂತಿಯನ್ನು ತೆಗೆದುಕೊಳ್ಳೋಣ. ತಣ್ಣಗಿರುವ ತಾಮ್ರವನ್ನು ಅಚ್ಚಿನ ರಂಧ್ರದ ಮೂಲಕ ಎಳೆದಾಗಲೆಲ್ಲ ಅದರ ಹರಳುಕಣಗಳು ಉದ್ದುದ್ದ ಚಾಚಿಕೊಳ್ಳುತ್ತವೆ, ಅವುಗಳೊಳಗೆ ಪರಮಾಣುಗಳ ಸಾಲು ತಪ್ಪಿದ ಗೆರೆಗಳು, ಅಂದರೆ ಡಿಸ್ಲೊಕೇಶನ್‌ಗಳು, ವಿಪರೀತವಾಗಿ ಹೆಚ್ಚುತ್ತವೆ. ಚೆನ್ನಾಗಿ ಅನೀಲ್ ಆದ ಲೋಹದ ಒಂದು ಘನ ಸೆಂಟಿಮೀಟರಿನಲ್ಲಿರುವ ಇಂತಹ ಗೆರೆಗಳನ್ನೆಲ್ಲ ಒಂದರ ಮುಂದೊಂದು ಜೋಡಿಸಿದರೆ ಸುಮಾರು 10 ಕಿಲೋಮೀಟರ್ ಆಗಬಹುದು. ಬಲವಾಗಿ ಎಳೆದ ಅಥವಾ ಬಡಿದ ಲೋಹದಲ್ಲಿ ಅದೇ ಲೆಕ್ಕ 10 ಲಕ್ಷ ಕಿಲೋಮೀಟರನ್ನು ಮುಟ್ಟುತ್ತದೆ. ಗೆರೆಗಳು ಒಂದಕ್ಕೊಂದು ತೊಡರಿಕೊಂಡು ಚಲಿಸಲಾಗದೆ ಹೋಗುವುದರಿಂದ ತಂತಿ ಗಡುಸಾಗುತ್ತದೆ, ಇನ್ನೂ ಎಳೆದರೆ ಹರಿಯುತ್ತದೆ. ಎಳೆಯಲು ಪಟ್ಟ ಶ್ರಮದ ಬಹುಪಾಲು ಶಾಖವಾಗಿ ಹೊರಹೋದರೂ ಒಂದು ಸಣ್ಣ ಪಾಲು ಈ ಅಸ್ತವ್ಯಸ್ತತೆಯಲ್ಲೇ ಶಕ್ತಿಯಾಗಿ ಉಳಿದುಬಿಡುತ್ತದೆ.

ಈ ತಂತಿಯನ್ನು ಕಾಯಿಸಿದರೆ ಮೂರು ಹಂತದ ಬದಲಾವಣೆ ನಡೆಯುತ್ತದೆ. ಮೊದಲನೆಯದು ಚೇತರಿಕೆ: ಪರಮಾಣುಗಳಿಗೆ ಅಲುಗಾಡಲು ಬೇಕಾದಷ್ಟು ಶಕ್ತಿ ಸಿಕ್ಕಿದಾಗ ಖಾಲಿ ಸ್ಥಾನಗಳು ತುಂಬಿಕೊಳ್ಳುತ್ತವೆ, ವಿರುದ್ಧ ಚಿಹ್ನೆಯ ಗೆರೆಗಳು ಒಂದನ್ನೊಂದು ಅಳಿಸಿಹಾಕುತ್ತವೆ, ವಿದ್ಯುತ್ ವಾಹಕತೆ ಬಹುಮಟ್ಟಿಗೆ ಮರಳುತ್ತದೆ, ಆದರೆ ಗಡಸುತನ ಹೆಚ್ಚೇನೂ ಇಳಿಯುವುದಿಲ್ಲ. ಎರಡನೆಯದು ಮರುಹರಳಾಗುವಿಕೆ: ಹಳೆಯ, ಸೊಟ್ಟಗಾದ ಕಣಗಳ ನಡುವೆ ಒತ್ತಡವಿಲ್ಲದ ಹೊಸ ಕಣಗಳು ಮೊಳೆತು, ಬೆಳೆದು, ಹಳೆಯವನ್ನು ನುಂಗಿಬಿಡುತ್ತವೆ. ತಂತಿ ಮತ್ತೆ ಬಾಗುವ ಗುಣವನ್ನು ಪಡೆಯುವುದು ಇಲ್ಲಿ. ಮೂರನೆಯದರಲ್ಲಿ ದೊಡ್ಡ ಕಣಗಳು ಸಣ್ಣವನ್ನು ಕಬಳಿಸಿ ಇನ್ನಷ್ಟು ದೊಡ್ಡವಾಗುತ್ತವೆ. ಈ ಹಂತ ಅತಿಯಾದರೆ, ತಗಡನ್ನು ಬಾಗಿಸಿದಾಗ ಅದರ ಮೈ ಒರಟೊರಟಾಗಿ ಕಾಣುತ್ತದೆ. ಮರುಹರಳಾಗುವ ಉಷ್ಣತೆ ಸಾಮಾನ್ಯವಾಗಿ ಕರಗುವ ಬಿಂದುವಿನ, ಕೆಲ್ವಿನ್ ಮಾನದಲ್ಲಿ, ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಇರುತ್ತದೆ. ಸೀಸಕ್ಕೆ ಕೋಣೆಯ ಉಷ್ಣತೆಯೇ ಸಾಕು, ಆದ್ದರಿಂದಲೇ ಅದನ್ನು ಎಷ್ಟು ಬಡಿದರೂ ಗಡುಸಾಗುವುದಿಲ್ಲ. ಟಂಗ್‌ಸ್ಟನ್‌ಗೆ 1200 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೇಕು.

ಗಮನಿಸಬೇಕಾದ ಸಂಗತಿಯೆಂದರೆ, ಈ ಮೂರೂ ಹಂತಗಳು ನಡೆಯುವುದು ಲೋಹ ಬಿಸಿಯಾಗಿರುವಾಗ. ‘ತಾಪಾನುಶೀತನ’ವಾದರೋ ಒತ್ತು ಕೊಡುವುದು ಕಾಯಿಸಿದ ಮೇಲಿನ ತಣಿಸುವಿಕೆಗೆ. ತಾಮ್ರ, ಬೆಳ್ಳಿಗಳಲ್ಲಿ ಮರುಹರಳಾದ ಮೇಲೆ ನಿಧಾನವಾಗಿ ತಣಿಸಿದರೂ ಒಂದೇ, ಕೆಂಪಗೆ ಕಾದದ್ದನ್ನು ನೀರಿಗೆ ಹಾಕಿದರೂ ಒಂದೇ, ಎರಡೂ ಮೆತ್ತಗೇ ಇರುತ್ತವೆ. ಬೆಳ್ಳಿಯ ಕೆಲಸದವರು ಕಾಯಿಸಿದ ತಗಡನ್ನು ನೀರಿಗೋ ತೆಳು ಆಮ್ಲಕ್ಕೋ ಅದ್ದಿ ಮತ್ತೆ ಬಡಿಯಲು ಕೂರುವುದು ಇದೇ ಧೈರ್ಯದಿಂದ.

ಉಕ್ಕಿನ ಸ್ವಭಾವ ಬೇರೆ, ಅನೀಲಿಂಗ್ ಎಂದರೆ ಕಾಯಿಸಿ ನಿಧಾನವಾಗಿ ತಣಿಸುವುದು ಎಂಬ ಪಠ್ಯಪುಸ್ತಕಗಳ ವ್ಯಾಖ್ಯೆ ಹುಟ್ಟಿರುವುದೂ ಅದರಿಂದಲೇ ಎಂದು ನಾನು ಭಾವಿಸುತ್ತೇನೆ. ಶೇಕಡಾ 0.8ರಷ್ಟು ಇಂಗಾಲವಿರುವ ಉಕ್ಕನ್ನು 727 ಡಿಗ್ರಿಗಿಂತ ಮೇಲೆ ಕಾಯಿಸಿದಾಗ ಅದರ ಹರಳಿನ ಜೋಡಣೆಯೇ ಬದಲಾಗಿ ಇಂಗಾಲವೆಲ್ಲ ಕಬ್ಬಿಣದೊಳಗೆ ಕರಗಿಕೊಳ್ಳುತ್ತದೆ. ಕುಲುಮೆಯೊಳಗೇ ಆರಲು ಬಿಟ್ಟರೆ ಇಂಗಾಲಕ್ಕೆ ಹೊರಬಂದು ಪದರಗಳಾಗಿ ಕೂರಲು ಸಮಯ ದೊರೆತು ಒರಟು ಪರ್ಲೈಟ್ ಎಂಬ ಪದರುಪದರಾದ ರಚನೆ ಉಂಟಾಗುತ್ತದೆ, ಉಕ್ಕು ಮೆತ್ತಗಾಗುತ್ತದೆ. ಗಾಳಿಯಲ್ಲಿ ಆರಿಸಿದರೆ ಪದರಗಳು ತೆಳ್ಳಗಾಗಿ ಸ್ವಲ್ಪ ಗಟ್ಟಿ. ನೀರಿಗೆ ಹಾಕಿದರೆ ಇಂಗಾಲ ಒಳಗೇ ಸಿಕ್ಕಿಹಾಕಿಕೊಂಡು ಮಾರ್ಟೆನ್ಸೈಟ್ ಎಂಬ ರೂಪವಾಗುತ್ತದೆ, ಬಹಳ ಗಡುಸು, ಬಹಳ ಪೆಡಸು, ಅಂದರೆ ಬಾಗದೆ ಒಡೆಯುವಂತಹದು. ಇಲ್ಲಿ ತಣಿಯುವ ವೇಗವೇ ನಿರ್ಣಾಯಕ.

ಇದಕ್ಕೆ ನೇರ ವಿರುದ್ಧವಾದುದು ಹೆಚ್ಚು ತವರವಿರುವ ಕಂಚು. ಶೇಕಡಾ 22ರಿಂದ 24ರಷ್ಟು ತವರ ಬೆರೆತ ಕಂಚನ್ನು ಕಾಯಿಸಿ ನಿಧಾನವಾಗಿ ಆರಲು ಬಿಟ್ಟರೆ ಅದರಲ್ಲಿ ಡೆಲ್ಟಾ ಎಂಬ ಪೆಡಸಾದ ರೂಪ ಮೂಡಿ ಪಾತ್ರೆ ಒಡೆಯುತ್ತದೆ. ಕೆಂಪಗಿರುವಾಗಲೇ ನೀರಿಗೆ ಹಾಕಿದರೆ ಬೀಟಾ ರೂಪ ಉಳಿದು ಪೆಡಸು ತಗ್ಗುತ್ತದೆ. ಇಂತಹ ಕಂಚನ್ನು ಬಡಿದು ಬಟ್ಟಲು, ತಾಳ, ಜಾಗಟೆಗಳನ್ನು ಮಾಡುವವರಿಗೆ ನೀರಿನಲ್ಲಿ ಅದ್ದುವುದು ಕೆಲಸದ ಜೀವಾಳ. ನಿಧಾನವಾಗಿ ತಣಿಸುವುದನ್ನು ಅರ್ಥದ ತಿರುಳಾಗಿಸಿಕೊಂಡ ಪದವನ್ನು ಈ ಕಂಚಿಗೆ ಹೇಗೆ ಬಳಸುವುದು?

‘ತಾಪಾನುಶೀತನ’ ಪೂರ್ತಿಯಾಗಿ ಒಪ್ಪುವ ವಸ್ತು ಗಾಜು, ಇದನ್ನು ನ್ಯಾಯವಾಗಿ ಹೇಳಲೇಬೇಕು. ಗಾಜಿನಲ್ಲಿ ಹರಳುಕಣಗಳೂ ಇಲ್ಲ, ಡಿಸ್ಲೊಕೇಶನ್‌ಗಳೂ ಇಲ್ಲ. ಹೊರಮೈ ಬೇಗ ತಣಿದು ಬಿಗಿದುಕೊಂಡಾಗ ಒಳಗಿನ ಭಾಗ ಇನ್ನೂ ಬಿಸಿಯಾಗಿರುತ್ತದೆ, ಅನಂತರ ಅದು ಕುಗ್ಗಲು ಹೊರಟಾಗ ಒಳಗೆ ಎಳೆತವೂ ಹೊರಗೆ ಒತ್ತಡವೂ ಶಾಶ್ವತವಾಗಿ ನಿಲ್ಲುತ್ತವೆ. ಇದನ್ನು ತಪ್ಪಿಸಲು ಗಾಜನ್ನು ಅದು ಬಹಳ ಮಂದವಾಗಿ ಹರಿಯಬಲ್ಲ ಉಷ್ಣತೆಯಲ್ಲಿಟ್ಟು, ಸಾಮಾನ್ಯ ಕಿಟಕಿಗಾಜಿಗೆ ಅದು 545 ಡಿಗ್ರಿ ಸುತ್ತಮುತ್ತ, ಆಮೇಲೆ ಎಲ್ಲ ಭಾಗವೂ ಒಟ್ಟಿಗೆ ತಣಿಯುವಷ್ಟು ನಿಧಾನವಾಗಿ ಇಳಿಸಬೇಕು. ಅಮೆರಿಕದ ಪಾಲೊಮಾರ್ ದೂರದರ್ಶಕದ 200 ಅಂಗುಲ ವ್ಯಾಸದ ಕನ್ನಡಿಗಾಗಿ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಪಟ್ಟಣದಲ್ಲಿ 1934ರ ಡಿಸೆಂಬರಿನಲ್ಲಿ ಎರಕ ಹೊಯ್ದ ಪೈರೆಕ್ಸ್ ಬಿಲ್ಲೆಯನ್ನು ಹೀಗೆ ತಣಿಸಲು ಸುಮಾರು 10 ತಿಂಗಳು ಹಿಡಿಯಿತು. ಅಷ್ಟು ತಾಳ್ಮೆಯ ಕೆಲಸಕ್ಕೆ ‘ಅನುಶೀತನ’ ಎಂಬುದು ಗೌರವದ ಹೆಸರೇ ಸರಿ. ಆದರೆ ಗಾಜಿನ ಹೆಸರನ್ನು ತಾಮ್ರಕ್ಕೆ ಹೊರಿಸುವುದು ಸರಿಯಲ್ಲ.

‘ಮೆದುಗೊಳಿಸುವಿಕೆ’ಗೂ ಇಂತಹದೇ ತೊಡಕಿದೆ. ಬ್ರಿಟಿಷರ ಕಾಲದ ಭಾರತದಲ್ಲಿ ಸೈನ್ಯದ ಹಿತ್ತಾಳೆ ಕಾಡತೂಸುಗಳು ಮಳೆಗಾಲದಲ್ಲಿ ಇಟ್ಟಲ್ಲೇ ಸೀಳುತ್ತಿದ್ದವು. ತಯಾರಿಕೆಯಲ್ಲಿ ಲೋಹದೊಳಗೆ ಉಳಿದಿದ್ದ ಒತ್ತಡವೂ ಕುದುರೆಲಾಯಗಳಿಂದ ಬರುತ್ತಿದ್ದ ಅಮೋನಿಯಾವೂ ತೇವವೂ ಸೇರಿ ಹೀಗಾಗುತ್ತಿತ್ತೆಂಬುದು ಆಮೇಲೆ ತಿಳಿದುಬಂತು. ಇದಕ್ಕೆ ಪರಿಹಾರ, ಕಾಡತೂಸನ್ನು 250ರಿಂದ 300 ಡಿಗ್ರಿಯಷ್ಟು ಮಾತ್ರ ಕಾಯಿಸುವುದು: ಒತ್ತಡ ಸಡಿಲುತ್ತದೆ, ಗಡಸುತನ ಹಾಗೆಯೇ ಉಳಿಯುತ್ತದೆ. ಅದೂ ಅನೀಲಿಂಗೇ, ಆದರೆ ಅಲ್ಲಿ ಮೆದುವಾದದ್ದು ಏನೂ ಇಲ್ಲ. ಸಿಲಿಕಾನ್ ಚಿಪ್‌ಗಳ ತಯಾರಿಕೆಯಲ್ಲಿ ಅಯಾನುಗಳ ಹೊಡೆತದಿಂದ ಕೆಟ್ಟ ಹರಳನ್ನು 1000 ಡಿಗ್ರಿ ಆಸುಪಾಸಿನಲ್ಲಿ ಕೆಲವೇ ಸೆಕೆಂಡು ಕಾಯಿಸಿ ಸರಿಪಡಿಸುತ್ತಾರೆ. ಬೆರೆಸಿದ ಪರಮಾಣುಗಳು ಹರಳಿನಲ್ಲಿ ತಮ್ಮ ಸ್ಥಾನ ಹಿಡಿದು ವಿದ್ಯುತ್ ಹರಿಯತೊಡಗುವುದೇ ಅಲ್ಲಿಯ ಫಲ. ಇಂಗ್ಲೆಂಡಿನ ವಿಂಡ್‌ಸ್ಕೇಲ್ ಪರಮಾಣು ಸ್ಥಾವರದಲ್ಲಿ ನ್ಯೂಟ್ರಾನ್‌ಗಳ ಬಡಿತದಿಂದ ಗ್ರಾಫೈಟಿನೊಳಗೆ ಕೂಡಿಕೊಂಡ ಶಕ್ತಿಯನ್ನು ಹೊರಬಿಡಲು ಆಗಾಗ ಅನೀಲಿಂಗ್ ಮಾಡುತ್ತಿದ್ದರು. 1957ರ ಅಕ್ಟೋಬರಿನಲ್ಲಿ ಬೆಂಕಿ ಹೊತ್ತಿಕೊಂಡದ್ದು ಅಂತಹ ಒಂದು ಸಂದರ್ಭದಲ್ಲೇ. ತಂತಿಯಲ್ಲಿ ಉಳಿಯುತ್ತದೆಂದು ಮೇಲೆ ಹೇಳಿದ ಶಕ್ತಿ ಎಷ್ಟು ನಿಜವೆಂಬುದನ್ನು ವಿದ್ಯಾರ್ಥಿಗೆ ಮನಗಾಣಿಸಲು ಇದಕ್ಕಿಂತ ಗಂಭೀರ ಉದಾಹರಣೆ ನನಗೆ ತಿಳಿದಿಲ್ಲ.

‘ಹದ’ ನಮ್ಮ ಭಾಷೆಯ ಬಲು ಚೆಲುವಾದ ಪದ, ಅದನ್ನು ಬಿಡಲು ಮನಸ್ಸಿಲ್ಲ. ಆದರೆ ಕತ್ತಿ, ಮಚ್ಚುಗಳ ಸಂದರ್ಭದಲ್ಲಿ ಹದವೆಂದರೆ ಹರಿತ ನಿಲ್ಲುವ ಗುಣ. ನೀರಿಗದ್ದಿ ಗಡುಸಾಗಿಸಿದ ಉಕ್ಕನ್ನು ಮತ್ತೆ ಹಗುರವಾಗಿ ಕಾಯಿಸಿ ಪೆಡಸನ್ನು ಕಳೆಯುವ ಟೆಂಪರಿಂಗ್‌ಗೆ ಅದು ಸಹಜವಾಗಿ ಒದಗುತ್ತದೆ, ಅಲ್ಲಿಯೇ ಅದು ಉಳಿಯಲಿ. ‘ಅನೀಲನ’ವಂತೂ ಬೇಡ: ಕಾಯಿಸಿದ ಉಕ್ಕಿನ ಮೈ ಸುಮಾರು 300 ಡಿಗ್ರಿಯಲ್ಲಿ ನೀಲಿಯಾಗುವುದನ್ನು ಕಲಿಯುತ್ತಿರುವ ವಿದ್ಯಾರ್ಥಿಯು ಅದನ್ನು ‘ನೀಲಿ ತೆಗೆಯುವುದು’ ಎಂದೇ ಓದಿಕೊಂಡಾನು.

ಇಂಗ್ಲಿಷಿನ ಮೂಲ ರೂಪವನ್ನು ನೋಡಿದರೆ, ಹಳೆಯ ಇಂಗ್ಲಿಷಿನ ‘ಓನೇಲನ್’ ಎಂಬುದಕ್ಕೆ ‘ಬೆಂಕಿ ಹೊತ್ತಿಸು, ಉರಿಸು’ ಎಂದಷ್ಟೇ ಅರ್ಥ. ತಣಿಸುವಿಕೆಯೂ ಮೆದುತನವೂ ಅದರಲ್ಲಿ ಇಲ್ಲ. ನಾವೂ ಕಾವಿನಿಂದಲೇ ಆರಂಭಿಸುವುದು ಸೂಕ್ತ ಎನಿಸುತ್ತದೆ. ‘ಕಾವು’ ಎಂದರೆ ಬರೀ ಬಿಸಿಯಲ್ಲ, ಹೊತ್ತುಗಟ್ಟಲೆ ನಿಲ್ಲುವ ಬಿಸಿ. ಕೋಳಿ ಮೊಟ್ಟೆಗೆ ಕಾವು ಕೊಡುವಾಗ ಒಳಗಿನ ರೂಪವನ್ನು ಕೋಳಿ ಕಟ್ಟುವುದಿಲ್ಲ, ಅದು ತಾನಾಗಿ ಕಟ್ಟಿಕೊಳ್ಳಲು ಬೇಕಾದ ಬೆಚ್ಚನೆಯ ಅವಕಾಶವನ್ನು ಮಾತ್ರ ಒದಗಿಸುತ್ತದೆ. ಆದ್ದರಿಂದ ‘ನೀರೂಡು’, ‘ಹಾಲೂಡು’ಗಳ ಜಾಡಿನಲ್ಲಿ ‘ಕಾವೂಡು’ ಎಂಬ ಕ್ರಿಯಾಪದವನ್ನೂ ‘ಕಾವೂಡಿಕೆ’ ಎಂಬ ನಾಮಪದವನ್ನೂ ಸೂಚಿಸುತ್ತೇನೆ. ಕಾವೂಡಿದ ತಾಮ್ರ, ಒತ್ತಡ ಕಳೆಯುವ ಕಾವೂಡಿಕೆ, ಕಾವೂಡುವ ಕುಲುಮೆ ಎಂದೆಲ್ಲ ಬೆಳೆಸಲು ಅನುಕೂಲವಿದೆ. ‘ಕಾವಿಡು’ ಇನ್ನೂ ಚಿಕ್ಕದಾಗುತ್ತಿತ್ತು, ಆದರೆ ಅದನ್ನು ಕಾವಿ ಬಣ್ಣಕ್ಕೆ ಸೇರಿಸಿ ಓದುವ ಸಾಧ್ಯತೆಯಿದೆ. ತಣಿಸುವ ಬಗೆ ಮುಖ್ಯವಾದ ಉಕ್ಕು, ಗಾಜುಗಳಲ್ಲಿ ಅದನ್ನು ಬೇರೆಯಾಗಿ, ‘ಕುಲುಮೆಯಾರಿಕೆ’, ‘ಗಾಳಿಯಾರಿಕೆ’ ಎಂದು ಜೊತೆಗೆ ಹೇಳಬಹುದು. ಪಾಠದಲ್ಲಿ ಮೊದಲ ಬಾರಿ ಬಂದಾಗ ‘ಅನೀಲಿಂಗ್’ ಎಂಬುದನ್ನೂ ಕೊಡುವುದು ಅಗತ್ಯ, ಏಕೆಂದರೆ ವಿದ್ಯಾರ್ಥಿ ನಾಳೆ ಕಾರ್ಖಾನೆಯಲ್ಲಿ ಕೇಳುವ ಮಾತು ಅದೇ.

ನನ್ನ ಪ್ರಶ್ನೆಗಳು ಇಷ್ಟು. ಬಡಿದು ಗಡುಸಾದ ತಗಡನ್ನೋ ತಂತಿಯನ್ನೋ ಮತ್ತೆ ಕಾಯಿಸುವ ಕೆಲಸಕ್ಕೆ ತಮ್ಮ ಕಡೆಯ ಅಕ್ಕಸಾಲಿಗರು, ಕಂಚುಗಾರರು, ಕಮ್ಮಾರರು ಯಾವ ಮಾತನ್ನು ಬಳಸುತ್ತಾರೆ? ಬಳಕೆಯಲ್ಲಿರುವ ಪದ ಸಿಕ್ಕಿದರೆ ನನ್ನ ‘ಕಾವೂಡಿಕೆ’ಯನ್ನು ಸಂತೋಷದಿಂದ ಹಿಂತೆಗೆದುಕೊಳ್ಳುತ್ತೇನೆ. ಎರಡನೆಯದಾಗಿ, 1983ರಲ್ಲಿ ಕಿರ್ಕ್‌ಪ್ಯಾಟ್ರಿಕ್, ಜೆಲಾಟ್ ಮತ್ತು ವೆಕ್ಕಿ ಅವರು ಮಂಡಿಸಿದ ‘ಸಿಮ್ಯುಲೇಟೆಡ್ ಅನೀಲಿಂಗ್’ ಎಂಬ ಗಣನಾ ವಿಧಾನದಲ್ಲಿ ಕಾಲ್ಪನಿಕ ಉಷ್ಣತೆಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸುವುದೇ ಮುಖ್ಯವಾದ್ದರಿಂದ, ಅಲ್ಲಿ ಮಾತ್ರ ‘ಅನುಶೀತನ’ವನ್ನು ಉಳಿಸಿಕೊಳ್ಳಬಹುದೇ, ಅಥವಾ ಒಂದೇ ಪದವನ್ನು ಎಲ್ಲೆಡೆ ಬಳಸುವುದು ಮೇಲೇ? ಮೂರನೆಯದಾಗಿ, ಡಿಎನ್‌ಎಯ ನಕಲುಗಳನ್ನು ಹೆಚ್ಚಿಸುವ ಪಿಸಿಆರ್ ಪರೀಕ್ಷೆಯಲ್ಲಿ ಬಿಡಿಸಿದ ಡಿಎನ್‌ಎ ಎಳೆಗಳಿಗೆ ಪ್ರೈಮರ್‌ಗಳೆಂಬ ಗಿಡ್ಡ ಎಳೆಗಳು 50ರಿಂದ 65 ಡಿಗ್ರಿಯಲ್ಲಿ ಅಂಟಿಕೊಳ್ಳುವುದನ್ನೂ ಅನೀಲಿಂಗ್ ಎನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕೆ ‘ಎಳೆಗೂಡಿಕೆ’ಯಂತಹ ಬೇರೆಯೇ ಪದ ಬೇಕು. ಜೀವವಿಜ್ಞಾನ ಬೋಧಿಸುವ ಸದಸ್ಯರು ಇದನ್ನು ಒಪ್ಪುತ್ತಾರೆಯೇ?