ಸಹಾಯ ಬೇಕು: ಹಳೇ ಸನ್‌ಟೂರ್ ಡಿರೇಲರ್, ದೊಡ್ಡ ಫ್ರೀವೀಲ್

ಎಲ್ರಿಗೂ ನಮಸ್ಕಾರ, ಶಿರಸಿಯಿಂದ. ಮಾವನ ಹಳೇ ರೋಡ್ ಸೈಕಲ್ ಅಟ್ಟದಿಂದ ಇಳ್ಸಿದೀನಿ, ಹಿಂದೆ ಸಣ್ಣ ಕೇಜಿನ (ಚೈನ್ ಬಿಗಿ ಹಿಡಿಯೋ ತೋಳು) ಸನ್‌ಟೂರ್ ಕಂಪನಿ ಡಿರೇಲರ್ (ಗೇರ್ ಬದಲಿಸೋ ಭಾಗ), 5 ಸ್ಪೀಡ್ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ), ಅದ್ರಲ್ಲಿ ದೊಡ್ಡದು ಅಂದ್ರೆ 24 ಹಲ್ಲು, ಇದನ್ನಿಟ್ಕೊಂಡು ದೇವಿಮನೆ ಘಾಟಿ ಹತ್ತೋದಂದ್ರೆ ಮೊಣಕಾಲಿಗೆ ಶಿಕ್ಷೆ ಮಾರಾಯ್ರೆ. 32ರ ಫ್ರೀವೀಲ್ ಹಾಕಿ ನೋಡ್ದೆ, ಡಿರೇಲರ್‌ನ ಮೇಲಿನ ಜಾಕಿ ವೀಲ್ (ಚೈನ್ ಹಾದುಹೋಗೋ ಸಣ್ಣ ಚಕ್ರ) ಫ್ರೀವೀಲ್ ಹಲ್ಲಿಗೆ ತಾಗಿ ಕರಕರ ಅಂತದೆ, ಚೈನಿಗೆ ಎರಡು ಲಿಂಕ್ ಸೇರಿಸಿದ್ರೆ ಮುಂದೆ ಸಣ್ಣದು ಹಿಂದೆ ಸಣ್ಣದು ಇದ್ದಾಗ ಜೋತು ಬೀಳ್ತದೆ.

ಗೇರ್ ಲಿವರ್ ಫ್ರಿಕ್ಷನ್ದು, ಕ್ಲಿಕ್ ಇಲ್ಲ, ಎಲ್ಲಿ ಬೇಕಾದ್ರೂ ನಿಲ್ತದೆ, ಹಾಗಾಗಿ ಶಿಮಾನೋ 7-8 ಸ್ಪೀಡಿನ ಉದ್ದ ಕೇಜಿಂದು ಹಾಕಿದ್ರೂ ನಡೀಬೇಕು ಅಂತ ನನ್ನ ಲೆಕ್ಕ. ಆದ್ರೆ ಫ್ರೇಮಲ್ಲಿ ಹ್ಯಾಂಗರ್ರೇ (ಡಿರೇಲರ್ ಸಿಗಿಸೋ ಕಿವಿ) ಇಲ್ಲ, ಆಕ್ಸಲ್‌ಗೆ ಕೂರೋ ಕೊಕ್ಕೆ ಪ್ಲೇಟ್ ಮೇಲೆ ನಿಂತಿದೆ, ಅದೂ ಮಳೆಗಾಲದ ತುಕ್ಕಲ್ಲಿ ಅರ್ಧ ಕರಗಿದೆ. ಪ್ಲೇಟ್ ಸಮೇತ ಬರೋ ಡಿರೇಲರ್ ಹಾಕ್ದೋರು ಇದೀರಾ? ಕುಮಟಾ, ಕಾರವಾರದ ಕಡೆ ಎಲ್ಲಿ ಸಿಗ್ತದೆ? ಸನ್‌ಟೂರನ್ನ ಮಾತ್ರ ಗುಜರಿಗೆ ಕೊಡಲ್ಲ, ಮಾವ ಬೈತಾರೆ.