ಅಪ್‌ಡೇಟ್: ಬಿಸಿಯಾದ ಮೇಲೆ ನಿಲ್ಲುತ್ತಿದ್ದ 800 ಸರಿಹೋಯ್ತು

ಮನೆಯಲ್ಲೇ ರೆಡಿ ಮಾಡ್ತಿರೋ 1994ರ ಮಾರುತಿ 800, ಸ್ವಲ್ಪ ದೂರ ಓಡಿದ ಮೇಲೆ ಜರ್ಕ್ ಹೊಡೆದು ಆಫ್ ಆಗುತ್ತೆ, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ತು. ಪೆಟ್ರೋಲ್ ಟ್ಯಾಂಕು!

ಇಗ್ನಿಷನ್ ಕಾಯಿಲ್ (ಪ್ಲಗ್‌ನ ಕಿಡಿಗೆ ಕರೆಂಟ್ ಕೊಡೋದು) ಹೊಸದು ಹಾಕಿದೆ, ಪ್ರಯೋಜನ ಆಗಲಿಲ್ಲ. ಕಾರ್ಬ್ಯುರೇಟರ್ (ಪೆಟ್ರೋಲನ್ನ ಗಾಳಿ ಜೊತೆ ಬೆರೆಸಿ ಎಂಜಿನ್‌ಗೆ ಕೊಡೋದು) ತೊಳೆದಾಗ ಕೆಲವು ದಿನ ಚೆನ್ನಾಗಿತ್ತು, ಆಮೇಲೆ ಚಾಮುಂಡಿ ಬೆಟ್ಟದ ಏರಲ್ಲಿ ಮತ್ತೆ ಅದೇ ರಾಗ.

ಕೈಹಿಡಿದಿದ್ದು ಮಂಡ್ಯದ ಅಣ್ಣ ಒಬ್ಬರು ಹೇಳಿದ ಬಾಟಲಿ ಪರೀಕ್ಷೆ. ಕಾಯಿಲ್ ವೈರ್ ತೆಗೆದು, ಕಾರ್ಬ್ಯುರೇಟರ್‌ಗೆ ಹೋಗುವ ಪೈಪನ್ನು ಗಾಜಿನ ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆದೆವು. ಮೊದಲು ರಭಸವಾಗಿ ಬಂತು, ಆಮೇಲೆ ಎಳೆಯಾಯ್ತು, ಕೊನೆಗೆ ತೊಟ್ಟು ತೊಟ್ಟು. ತಳದಲ್ಲಿ ಕಾಫಿಪುಡಿ ಥರ ತುಕ್ಕು. ಪಂಪ್ ಎಳೆಯುವಾಗ ತುಕ್ಕಿನ ಚಕ್ಕೆಗಳು ಟ್ಯಾಂಕಿನೊಳಗಿನ ಪೈಪಿನ ಬಾಯಿಗೆ ಅಂಟುತ್ತವೆ, ಎಂಜಿನ್ ನಿಂತರೆ ಉದುರುತ್ತವೆ. ಅದಕ್ಕೇ ಮತ್ತೆ ಸ್ಟಾರ್ಟ್ ಆಗ್ತಿತ್ತು, ಬಿಸಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಟ್ಯಾಂಕ್ ಇಳಿಸಿ, ವಿನೆಗರ್ ಜೊತೆ ಸಣ್ಣ ಚೈನ್ ಹಾಕಿ ಕುಲುಕಿ, ಸೋಡಾಪುಡಿ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿದೆವು. ಫಿಲ್ಟರ್ ಹೊಸದು.

ಗೊತ್ತಿಲ್ಲದೇ ಇದ್ದ ಇನ್ನೊಂದು ವಿಷಯ: ಈಗಿನ ಪೆಟ್ರೋಲ್‌ನಲ್ಲಿ ಶೇ 20ರವರೆಗೂ ಎಥನಾಲ್ ಇರುತ್ತೆ, ಅದು ನೀರು ಹೀರುತ್ತೆ, ಹಳೇ ರಬ್ಬರಿಗೂ ಆಗಿಬರಲ್ಲ. ಹಾಗಾಗಿ ಪೈಪುಗಳನ್ನೂ ಬದಲಿಸಿದೆ. ನಿಲ್ಲಿಸಿಯೇ ಇಡೋ ಗಾಡಿಯಾದರೆ ಟ್ಯಾಂಕನ್ನ ಅರ್ಧ ಖಾಲಿ ಬಿಡಬೇಡಿ.

ಟ್ಯಾಂಕ್ ಇಳಿಸೋರು ಪೆಟ್ರೋಲ್ ಪೂರ್ತಿ ತೆಗೆದು, ಬ್ಯಾಟರಿ ಕಳಚಿ, ಬಯಲಲ್ಲೇ ಮಾಡಿ.